ಕಲ್ಲಿನೊಳಗಿನ ಬಿಸಿಯ ಲೆಕ್ಕ ಹಿಡಿದ ಜಾನ್ ಜೋಲಿ

ದೇವರ ಹಿಪ್ಪರಗಿ ಸೀಮೆಯ ಎರೆಮಣ್ಣಿನ ಕೆಳಗಿರುವ ಕರಿಕಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾ. ಎಲ್ಲ ಕಲ್ಲುಗಳಂತೆ ಇದರಲ್ಲೂ ತುಸು ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಇದೆ. ಹಾಗಾದರೆ ಕಲ್ಲಿನಲ್ಲಿ ವಿಕಿರಣ ಇದೆಯೇ? ಇದೆ. ಆದರೆ ಕೇಳಬೇಕಾದ ಪ್ರಶ್ನೆ, ಎಷ್ಟಿದೆ? ಈ ಪ್ರಶ್ನೆಯನ್ನು ಕೇಳಿದವರು ಐರ್ಲೆಂಡಿನ ವಿಜ್ಞಾನಿ ಜಾನ್ ಜೋಲಿ.

1857ರಲ್ಲಿ ಹುಟ್ಟಿದ ಜೋಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿ, 1897ರಲ್ಲಿ ಅಲ್ಲೇ ಭೂವಿಜ್ಞಾನ ಪ್ರಾಧ್ಯಾಪಕರಾದರು. ಸಮುದ್ರದ ಉಪ್ಪಿನ ಲೆಕ್ಕದಿಂದ ಭೂಮಿಯ ವಯಸ್ಸು 8-9 ಕೋಟಿ ವರ್ಷ ಎಂದು 1899ರಲ್ಲಿ ಅಂದಾಜಿಸಿದರು. ಅದು ತಪ್ಪಾಗಿತ್ತು, ಭೂಮಿಗೆ ಸುಮಾರು 454 ಕೋಟಿ ವರ್ಷವಾಗಿದೆ ಎಂದು ನಮಗೀಗ ಗೊತ್ತು.

ರೇಡಿಯಂ ತಾನಾಗಿಯೇ ಬಿಸಿ ಹೊಮ್ಮಿಸುತ್ತದೆ ಎಂದು 1903ರಲ್ಲಿ ಪ್ಯಾರಿಸ್‌ನಲ್ಲಿ ಪತ್ತೆಯಾಯಿತು. ಅದೇ ಬಿಸಿ ಭೂಮಿಯೊಳಗೂ ಹುಟ್ಟುತ್ತಿರಬೇಕು ಎಂದು ಜೋಲಿ ವಾದಿಸಿದರು. ಆಲ್ಪ್ಸ್ ಪರ್ವತ ಕೊರೆದ ಸಿಂಪ್ಲಾನ್ ಸುರಂಗದ ಕಲ್ಲುಗಳಲ್ಲಿ ರೇಡಿಯಂ ಅಳೆದರು. 1909ರಲ್ಲಿ ಈ ಕುರಿತು ಪುಸ್ತಕವನ್ನೇ ಬರೆದರು. ಬಿಸಿ ಆಳದಲ್ಲಿ ಕೂಡುತ್ತಾ ಹೋಗಿ ಆಗಾಗ ಕಲ್ಲನ್ನು ಕರಗಿಸುತ್ತದೆ ಎಂಬ ಅವರ ಸಿದ್ಧಾಂತ ಉಳಿಯಲಿಲ್ಲ. ಕಲ್ಲಿನೊಳಗೆ ಬಿಸಿ ಹುಟ್ಟುತ್ತದೆ ಎಂಬ ಮಾತು ಉಳಿಯಿತು.

ಅದೇ ರೇಡಿಯಂ ಕ್ಯಾನ್ಸರ್ ರೋಗಿಗಳಿಗೂ ನೆರವಾಗಲಿ ಎಂದು 1914ರಲ್ಲಿ ಡಬ್ಲಿನ್‌ನಲ್ಲಿ ರೇಡಿಯಂ ಸಂಸ್ಥೆ ಶುರುವಾಗಲು ಕಾರಣರಾದರು. ರೇಡಿಯಂನಿಂದ ಹೊಮ್ಮುವ ಅನಿಲವನ್ನು ಟೊಳ್ಳು ಸೂಜಿಗಳಲ್ಲಿ ತುಂಬಿ ಗಡ್ಡೆಗೆ ಚುಚ್ಚುವ ಚಿಕಿತ್ಸೆ ಅಲ್ಲಿ ರೂಪುಗೊಂಡಿತು. ಅಲ್ಲಿಯೂ ಎಲ್ಲವೂ ನಿಂತಿದ್ದು ಪ್ರಮಾಣದ ಮೇಲೆ. ಜೋಲಿ 1933ರಲ್ಲಿ ತೀರಿಕೊಂಡರು.

ಅವರು ಪ್ರಯೋಗಾಲಯದಲ್ಲಿ ಒಂದೊಂದೇ ಕಲ್ಲಿಗೆ ಮಾಡಿದ ಕೆಲಸವನ್ನು ಇಂದು ವಿಮಾನ ಊರಗಲ ಮಾಡುತ್ತದೆ. ಕೆಳಮಟ್ಟದಲ್ಲಿ ಹಾರುವ ವಿಮಾನದೊಳಗಿನ ಉಪಕರಣ, ನೆಲದಿಂದ ಬರುವ ಗಾಮಾ ಕಿರಣಗಳನ್ನು ಎಣಿಸುತ್ತದೆ. ಆ ಎಣಿಕೆಯಿಂದ ಮೂರೂ ಧಾತುಗಳ ಪ್ರಮಾಣ, ಅದರಿಂದ ಕಲ್ಲಿನಲ್ಲಿ ಹುಟ್ಟುವ ಬಿಸಿ ಲೆಕ್ಕಕ್ಕೆ ಸಿಗುತ್ತದೆ. ನೆನಪಿಡಿ, ವಿಮಾನ ವಿಕಿರಣ ಬಿಡುವುದಿಲ್ಲ, ಬರುವುದನ್ನು ಎಣಿಸುತ್ತದೆ ಅಷ್ಟೇ. ಅದಕ್ಕೆ ಕಾಣುವುದೂ ಮೇಲಿನ ಸುಮಾರು ಅರ್ಧ ಮೀಟರ್ ಮಾತ್ರ.

ಇಳಕಲ್ಲಿನ ಕೆಂಪು ಕಲ್ಲಿನಂಥ ಗ್ರಾನೈಟ್‌ಗಳಲ್ಲಿ ಸಾಮಾನ್ಯವಾಗಿ ಬಸಾಲ್ಟಿಗಿಂತ ಹಲವು ಪಟ್ಟು ಹೆಚ್ಚು ಬಿಸಿ ಹುಟ್ಟುತ್ತದೆ. ಹಾಗಿದ್ದೂ ಒಂದು ಘನ ಮೀಟರ್ ಗ್ರಾನೈಟಿನಲ್ಲಿ ಅದು ಒಂದು ವ್ಯಾಟ್‌ನ ಹತ್ತು ಲಕ್ಷದಲ್ಲಿ ಎರಡು ಮೂರು ಪಾಲು. ಬೇಸಿಗೆಯಲ್ಲಿ ಕರಿಕಲ್ಲು ಕಾಲು ಸುಡುವುದು ಬಿಸಿಲಿನಿಂದ, ವಿಕಿರಣಧಾತುಗಳಿಂದಲ್ಲ. ಕಲ್ಲು, ವಿಕಿರಣ ಎಂದು ಹೆದರಿಸುವ ಮೆಸೇಜು ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಜೋಲಿಯವರ ಪ್ರಶ್ನೆಯನ್ನೇ ಕೇಳಿ: ಎಷ್ಟು?