ಕುಮಾರಿ ಕಾರ್ನೆಲಿಯಾ ಸೊರಾಬ್ಜಿಯವರು

ಕ್ರೈಸ್ತ ಬೋಧಕರೊಬ್ಬರ ಪುತ್ರಿಯಾಗಿ ಇವರು 1866ರಲ್ಲಿ ನಾಸಿಕದಲ್ಲಿ ಜನಿಸಿದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಉನ್ನತ ಶ್ರೇಣಿ ಪಡೆದರೂ, ಸ್ತ್ರೀಯೆಂಬ ಕಾರಣದಿಂದ ಇಂಗ್ಲೆಂಡಿನ ವ್ಯಾಸಂಗಕ್ಕೆ ಸಲ್ಲಬೇಕಾದ ಸರಕಾರಿ ವಿದ್ಯಾರ್ಥಿವೇತನವು ದೊರೆಯಲಿಲ್ಲ. ಹಿತೈಷಿಗಳ ಧನಸಹಾಯದಿಂದ 1889ರಲ್ಲಿ ಆಕ್ಸ್‌ಫರ್ಡಿಗೆ ತೆರಳಿ, 1892ರಲ್ಲಿ ಅಲ್ಲಿಯ ಬಿ.ಸಿ.ಎಲ್. ಎಂಬ ನ್ಯಾಯಶಾಸ್ತ್ರ ಪರೀಕ್ಷೆಗೆ ಕುಳಿತ ಪ್ರಥಮ ಮಹಿಳೆಯೆನಿಸಿದರು. ತೇರ್ಗಡೆಯಾದರೂ ಪದವಿಯು ಕೈಸೇರಿದುದು 1922ರಲ್ಲಿ! ಈ 30 ವರ್ಷಗಳ ವಿಳಂಬವನ್ನು ನೆನೆದರೆ ನಮಗೆ ಇಂದಿಗೂ ಖೇದವಾಗುತ್ತದೆ.

ವಕೀಲಿ ಸನ್ನದಿಲ್ಲವೆಂದು ಅವರು ಕೈಕಟ್ಟಿ ಕೂಡಲಿಲ್ಲ. ಪರದೆಯ ಮರೆಯಲ್ಲಿದ್ದ ಜಮೀನ್ದಾರ ಮನೆತನಗಳ ವಿಧವೆಯರು ಪರಪುರುಷರಾದ ವಕೀಲರೊಡನೆ ಮಾತನಾಡುವಂತಿರಲಿಲ್ಲ; ಆದುದರಿಂದ ಅವರ ಆಸ್ತಿಯು ಅನ್ಯರ ಪಾಲಾಗುವುದು ಸುಲಭವಾಗಿತ್ತು. 1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್ ಇಲಾಖೆಗೆ ನೇಮಕಗೊಂಡು, ಅಂತಃಪುರಗಳಿಗೇ ಹೋಗಿ ಅಹವಾಲುಗಳನ್ನು ಆಲಿಸಿ, 600ಕ್ಕೂ ಮಿಕ್ಕ ಸ್ತ್ರೀಯರಿಗೂ ಅನಾಥ ಮಕ್ಕಳಿಗೂ ನೆರವಾದರು. ಸ್ವರಾಜ್ಯದ ಚಳವಳಿಯನ್ನು ಅವರು ವಿರೋಧಿಸಿದುದು ನಮಗೆ ಒಪ್ಪಿಗೆಯಿಲ್ಲ. ಈ ಸೇವೆಯನ್ನು ಮಾತ್ರ ಮರೆಯಲಾರೆವು.

ಸ್ತ್ರೀಯರಿಗೆ ವಕೀಲಿ ವೃತ್ತಿಯ ಬಾಗಿಲನ್ನು ತೆರೆದ 1923ರ ಶಾಸನದ ತರುವಾಯ, 1924ರಲ್ಲಿ, ಅರವತ್ತರ ಸಮೀಪದ ಪ್ರಾಯದಲ್ಲಿ, ಅವರು ಕಲಕತ್ತೆಯ ಹೈಕೋರ್ಟಿನಲ್ಲಿ ವೃತ್ತಿಯನ್ನು ಆರಂಭಿಸಿದರು.