ಬೀಜದ ಪೆಟ್ಟಿಗೆಯ ರೈತ: ಜಾನ್ ಬಾರ್ಟ್ರಂ

ದಾದರದ ಹೂವಿನ ಪೇಟೆಯಲ್ಲಿ ಬೆಳಗಿನ ಜಾವ ರಾಶಿ ಬೀಳುವ ಹೂವುಗಳಲ್ಲಿ ಆಸ್ಟರ್ ಎಂಬುದೊಂದಿದೆ. ಸೇವಂತಿಗೆಯ ತಂಗಿಯಂತೆ ತೋರುವ ಈ ಹೂವನ್ನು ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯ ರೈತರು ಹೊಲಗಟ್ಟಲೆ ಬೆಳೆಯುತ್ತಾರೆ. ಬೆಂಗಳೂರಿನ ತೋಟಗಾರಿಕೆ ಸಂಶೋಧನ ಸಂಸ್ಥೆಯವರು ಇದರಲ್ಲಿ ಕಾಮಿನಿ, ಪೂರ್ಣಿಮಾ, ಶಶಾಂಕ ಎಂಬ ತಳಿಗಳನ್ನು ಹೊರತಂದಿದ್ದಾರೆ. ಹೆಸರು ಕೇಳಿದರೆ ನಮ್ಮ ಮನೆಯ ಮಕ್ಕಳಂತಿರುವ ಈ ಹೂವಿನ ತವರು ಚೀನಾ ದೇಶ. ಅಲ್ಲಿದ್ದ ಫ್ರೆಂಚ್ ಪಾದ್ರಿಗಳು ಅದರ ಬೀಜವನ್ನು ಪ್ಯಾರಿಸಿಗೆ ಕಳುಹಿಸಿದರು. ಪ್ಯಾರಿಸಿನಿಂದ ಅದು ಲಂಡನ್ನಿನ ಒಬ್ಬ ಜವಳಿ ವ್ಯಾಪಾರಿಯ ಮನೆಯ ತೋಟಕ್ಕೆ ಬಂದಿತು. ಆ ವ್ಯಾಪಾರಿಯು ತನ್ನ ಪಾಲಿನಲ್ಲಿ ಒಂದು ಚಿಟಿಕೆಯನ್ನು 1735ರ ಸುಮಾರಿಗೆ ಕಡಲಾಚೆಯ ಅಮೆರಿಕೆಯ ಒಬ್ಬ ರೈತನಿಗೆ ಕಳುಹಿಸಿಕೊಟ್ಟನು.

ಆ ರೈತನ ಹೆಸರು ಜಾನ್ ಬಾರ್ಟ್ರಂ. ಜವಳಿ ವ್ಯಾಪಾರಿಯ ಹೆಸರು ಪೀಟರ್ ಕಾಲಿನ್ಸನ್. ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿದ್ದ ಇವರಿಬ್ಬರೂ ಮೂವತ್ತೈದು ವರ್ಷಗಳ ಪರ್ಯಂತ ಬೀಜಗಳನ್ನೂ ಕಾಗದಗಳನ್ನೂ ವಿನಿಮಯ ಮಾಡಿಕೊಂಡರು. ಒಮ್ಮೆಯಾದರೂ ಒಬ್ಬರ ಮುಖವನ್ನೊಬ್ಬರು ಕಾಣಲಿಲ್ಲ. ಊರಿನ ಕಾಗದಕ್ಕಾಗಿ ಹೋಟೆಲಿನ ಬಾಗಿಲಲ್ಲಿ ನಿಂತು ಟಪಾಲಿನವನ ಹಾದಿ ಕಾದ ಹಿರಿಯರ ಸಂತತಿಯವರಾದ ನಮ್ಮ ವಾಚಕರಿಗೆ, ಇಂತಹ ಸ್ನೇಹವು ಹೇಗಿದ್ದಿರಬಹುದೆಂದು ಬೇರೆ ವಿವರಿಸಬೇಕಾಗಿಲ್ಲ.

ಬಾರ್ಟ್ರಮನು ಹುಟ್ಟಿದುದು 1699ರಲ್ಲಿ, ಫಿಲಡೆಲ್ಫಿಯಾ ಪಟ್ಟಣದ ಬಳಿಯ ಡಾರ್ಬಿ ಎಂಬ ಹಳ್ಳಿಯಲ್ಲಿ. ಆಗ ಆ ಸೀಮೆಯು ಇಂಗ್ಲೆಂಡಿನ ಆಳ್ವಿಕೆಗೆ ಒಳಪಟ್ಟಿದ್ದಿತು. ಮನೆತನವು ಕ್ವೇಕರ್ ಪಂಥದ್ದು. ಸರಳವಾದ ಉಡುಪು, ಮಿತವಾದ ಮಾತು, ದೊರೆಯ ಮುಂದೆಯೂ ಟೊಪ್ಪಿ ತೆಗೆಯದ ಸಮಾನಭಾವ ಇವು ಆ ಪಂಥದವರ ಲಕ್ಷಣಗಳು. ತಾಯಿಯು ಹುಡುಗನ ಎಳೆತನದಲ್ಲಿಯೇ ತೀರಿಕೊಂಡಳು. ತಂದೆಯು ಮರುಮದುವೆಯಾಗಿ ದಕ್ಷಿಣದ ಕೆರೊಲಿನಾ ಸೀಮೆಗೆ ಹೋಗಿ ನೆಲೆಸಿ, 1711ರಲ್ಲಿ ಅಲ್ಲಿಯ ಮೂಲನಿವಾಸಿಗಳಿಗೂ ವಲಸೆಗಾರರಿಗೂ ನಡೆದ ಕಾದಾಟದಲ್ಲಿ ಹತನಾದನು. ಊರಿನಲ್ಲಿಯೇ ಉಳಿದಿದ್ದ ಬಾಲಕನು ಅಜ್ಜಿಯ ಆಸರೆಯಲ್ಲಿ ಬೆಳೆದು, ಹಳ್ಳಿಯ ಶಾಲೆಯಲ್ಲಿ ದೊರೆತಷ್ಟು ಕಲಿತು, ನೇಗಿಲು ಹಿಡಿದನು. ವೈದ್ಯರು ವಿರಳವಾಗಿದ್ದ ಆ ಕಾಲದಲ್ಲಿ ನೆರೆಹೊರೆಯವರಿಗೆ ಸೊಪ್ಪು ಬೇರುಗಳ ಔಷಧ ಕೊಡುತ್ತ ಕೊಡುತ್ತ ಗಿಡಮೂಲಿಕೆಗಳ ಪರಿಚಯ ಅವನಿಗೆ ಆಯಿತು.

ಹೊಲ ಉಳುತ್ತಿದ್ದಾಗ ನೇಗಿಲಿಗೆ ಸಿಕ್ಕಿದ ಒಂದು ಪುಟ್ಟ ಹೂವನ್ನು ಕಂಡು, ಇಷ್ಟು ವರ್ಷ ಇಂಥವನ್ನು ತಿಳಿಯದೆಯೇ ಕೊಂದೆನಲ್ಲಾ ಎಂದು ಮರುಗಿ ಸಸ್ಯಶಾಸ್ತ್ರಕ್ಕೆ ತೊಡಗಿದನೆಂದು ಒಂದು ಕತೆಯುಂಟು. ಅದನ್ನು ಬರೆದಾತನು ಕ್ರೆವ್‌ಕೂರ್ ಎಂಬ ಫ್ರೆಂಚ್ ಲೇಖಕ; ಆತನಿಗೆ ಅಲಂಕಾರದ ಮೇಲೆ ಪ್ರೀತಿ ಹೆಚ್ಚು. ಕತೆಯು ಚೆನ್ನಾಗಿದೆ, ಅಷ್ಟೆ. ಔಷಧಕ್ಕಾಗಿ ಬೇರು ಅಗೆದವನು ಹೂವನ್ನೂ ನೋಡಿದನು ಎಂದರೆ ಸಾಕು.

ಮೊದಲ ಹೆಂಡತಿಯು 1727ರಲ್ಲಿ ತೀರಿಕೊಂಡ ಬಳಿಕ, 1728ರಲ್ಲಿ ಬಾರ್ಟ್ರಮನು ಸ್ಕೂಲ್‌ಕಿಲ್ ನದಿಯ ದಡದ ಕಿಂಗ್ಸೆಸಿಂಗ್ ಎಂಬಲ್ಲಿ ಭೂಮಿಯನ್ನು ಕೊಂಡನು. ಮಾರನೆಯ ವರ್ಷ ಆನ್ ಮೆಂಡನ್‌ಹಾಲ್ ಎಂಬವಳನ್ನು ಮದುವೆಯಾದನು. ತಾನೇ ಕಲ್ಲು ಕೆತ್ತಿ ಮನೆ ಕಟ್ಟಿ, ತನ್ನ ಹೆಸರಿನ ಜೊತೆಗೆ ಹೆಂಡತಿಯ ಹೆಸರನ್ನೂ 1731 ಎಂಬ ಇಸವಿಯನ್ನೂ ಗೋಡೆಯ ಕಲ್ಲಿನಲ್ಲಿ ಕೊರೆದನು. ಇಬ್ಬರು ಹೆಂಡಿರಿಂದ ಒಟ್ಟು ಹನ್ನೊಂದು ಮಕ್ಕಳು. ಮನೆಯ ಮುಂದಿನಿಂದ ಹೊಳೆಯವರೆಗೆ ಇಳಿಜಾರಾಗಿದ್ದ ನೆಲದಲ್ಲಿ ತೋಟವೆದ್ದಿತು.

ಕಾಲಿನ್ಸನ್ನನ ಪರಿಚಯವಾದುದು 1733ರ ಸುಮಾರಿಗೆ, ಫಿಲಡೆಲ್ಫಿಯಾದ ಒಬ್ಬ ವರ್ತಕನ ಮೂಲಕ. ಕಾಲಿನ್ಸನ್ನನೂ ಕ್ವೇಕರನೇ, ಲಂಡನ್ನಿನ ಗ್ರೇಸ್‌ಚರ್ಚ್ ಬೀದಿಯಲ್ಲಿ ಅವನ ಜವಳಿ ವ್ಯಾಪಾರ. ಹಗಲೆಲ್ಲ ಲೆಕ್ಕದ ಪುಸ್ತಕ, ಗಿರಾಕಿಗಳ ತಗಾದೆ. ಬಿಡುವು ದೊರೆತೊಡನೆ ಪೆಕ್‌ಹ್ಯಾಮಿನಲ್ಲಿದ್ದ ಮನೆಯ ತೋಟ. ಅಮೆರಿಕೆಗೆ ಬಟ್ಟೆ ಕಳುಹಿಸುತ್ತಿದ್ದ ಆತನು, ಅಲ್ಲಿಂದ ಹೂವಿನ ಬೀಜ ಕಳುಹಿಸಿರೆಂದು ಗಿರಾಕಿಗಳನ್ನೆಲ್ಲ ಬೇಡುತ್ತಿದ್ದನು. ಹೂಂ ಎಂದವರು ಬಹು ಮಂದಿ, ಕಳುಹಿಸಿದವರು ಕಡಮೆ. ಬಾರ್ಟ್ರಮನು ಕಳುಹಿಸಿದನು.

ಬೀಜ ಕಳುಹಿಸುವುದೆಂದರೆ ಲಕೋಟೆಗೆ ಅಂಟು ಹಾಕಿದಷ್ಟು ಸುಲಭವಾಗಿರಲಿಲ್ಲ. ಶರತ್ಕಾಲದಲ್ಲಿ, ಅಂದರೆ ಸುಗ್ಗಿಯ ಕೆಲಸದ ನಡುವೆಯೇ, ಕಾಡು ಗುಡ್ಡಗಳನ್ನು ಅಲೆದು ಬಲಿತ ಬೀಜವನ್ನು ಆರಿಸಬೇಕು. ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಬೇಕು. ತೇವವಿದ್ದರೆ ಬೂಸಲು ಹಿಡಿಯುತ್ತದೆ. ಓಕ್ ಮರದ ಕಾಯಿಯಂತಹವು ಪೂರ್ತಿ ಒಣಗಿದರೆ ಸಾಯುತ್ತವೆ. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ಇಲಿಗಳ ಕಾಟ, ಉಪ್ಪುನೀರಿನ ಕಾಟ. ಆದುದರಿಂದ ಪೆಟ್ಟಿಗೆಯನ್ನು ಸರಕಿನ ನಡುವೆ ತುರುಕದೆ ಕಪ್ತಾನನ ಕೋಣೆಯಲ್ಲಿ ಇರಿಸುವಂತೆ ಏರ್ಪಾಡು ಮಾಡಬೇಕೆಂದು ಕಾಲಿನ್ಸನ್ನನು ಬರೆಯುತ್ತಿದ್ದನು. ಇದೆಲ್ಲ ಕಳೆದು ಪೆಟ್ಟಿಗೆ ಲಂಡನ್ನಿಗೆ ಬಂದ ಮೇಲೂ ಮೊಳಕೆಯ ಖಾತರಿಯಿಲ್ಲ. ಶೀತಪ್ರದೇಶದ ಎಷ್ಟೋ ಬೀಜಗಳು ಒಂದು ಚಳಿಗಾಲವನ್ನು ಹಸಿ ಮಣ್ಣಿನಲ್ಲಿ ಕಳೆದ ಹೊರತು ಕಣ್ಣು ಬಿಡುವುದಿಲ್ಲ. ಕೆಲವಕ್ಕೆ ಎರಡು ವರ್ಷವೂ ಬೇಕು. ಅವಸರದವನು ಕುಂಡದ ಮಣ್ಣನ್ನು ಹೊರಗೆ ಚೆಲ್ಲಿ, ಬೀಜ ಕಳುಹಿಸಿದವನನ್ನು ಬಯ್ಯುವನು.

ಹೆಸರಿನ ತೊಡಕಿಗೆ ಇಬ್ಬರೂ ಒಂದು ಉಪಾಯ ಮಾಡಿಕೊಂಡಿದ್ದರು. ಬಾರ್ಟ್ರಮನು ಪ್ರತಿಯೊಂದು ಗಿಡದ ಎರಡು ರೆಂಬೆಗಳನ್ನು ಒತ್ತಿ ಒಣಗಿಸಿ, ಎರಡಕ್ಕೂ ಒಂದೇ ಅಂಕಿ ಬರೆದು, ಒಂದನ್ನು ತಾನಿಟ್ಟುಕೊಂಡು ಮತ್ತೊಂದನ್ನು ಕಳುಹಿಸುವನು. ಕಾಲಿನ್ಸನ್ನನು ಬಲ್ಲವರನ್ನು ಕೇಳಿ ಅಂಕಿಯ ಎದುರಿಗೆ ಹೆಸರು ಬರೆದು ಹಿಂದಿರುಗಿಸುವನು. ಹಳ್ಳಿಯ ಶಾಲೆಯಲ್ಲಿ ಕಲಿತ ರೈತನೊಬ್ಬನು ಸಸ್ಯಶಾಸ್ತ್ರದ ವಿದ್ಯಾರ್ಥಿಯಾದುದು ಹೀಗೆ, ಅಂಚೆಯ ಮೂಲಕ.

ಪ್ರತಿಯಾಗಿ ಲಂಡನ್ನಿನಿಂದ ಪುಸ್ತಕ, ಕಾಗದ, ಬಟ್ಟೆ, ಹೂವಿನ ಗೆಡ್ಡೆ ಬೀಜಗಳು ಬರುತ್ತಿದ್ದವು. 1738ರಲ್ಲಿ ಬಾರ್ಟ್ರಮನು ವರ್ಜೀನಿಯಾ ಸೀಮೆಗೆ ಹೊರಟನು. ಐದು ವಾರಗಳಲ್ಲಿ ಸುಮಾರು 1,100 ಮೈಲಿಗಳ ಪ್ರಯಾಣ. ಅಲ್ಲಿಯ ಜನರು ಮನುಷ್ಯನಿಗಿಂತ ಮೊದಲು ಅವನ ಅಂಗಿಯನ್ನು ನೋಡುವವರೆಂದು ಬಲ್ಲ ಕಾಲಿನ್ಸನ್ನನು, ತಾನು ಕಳುಹಿಸಿದ ಬಟ್ಟೆಯಲ್ಲಿ ಉಡುಪು ಹೊಲಿಸಿ ತೊಟ್ಟು ಹೋಗಬೇಕು, ಇಬ್ಬರ ಮಾನವನ್ನೂ ಕಳೆಯಬಾರದು ಎಂದು ಮುಂಚೆಯೇ ಬರೆದಿದ್ದನು. ವಿಲಿಯಮ್ಸ್‌ಬರ್ಗಿನಲ್ಲಿ ಅವರಿಬ್ಬರಂತೆಯೇ ತೋಟದ ಹುಚ್ಚು ಹಿಡಿದಿದ್ದ ಜಾನ್ ಕಸ್ಟಿಸ್ ಎಂಬವನು ಬಾರ್ಟ್ರಮನನ್ನು ಉಪಚರಿಸಿದನು.

ಉಡುಪಿನ ಮಾತು ಬಂದುದರಿಂದ ಟೊಪ್ಪಿಯ ಜಗಳವನ್ನೂ ಹೇಳಬೇಕು. ಒಮ್ಮೆ ಕಾಲಿನ್ಸನ್ನನು ತಾನು ಬಳಸಿದ ಟೊಪ್ಪಿಯೊಂದನ್ನು ಕಳುಹಿಸಿದನು, ಅದರಲ್ಲಿ ತೂತುಗಳಿದ್ದುವು. ವರ್ಷವೆಲ್ಲ ಬೆಟ್ಟ ಹತ್ತಿ ಬೀಜ ಆರಿಸಿದುದಕ್ಕೆ ತೂತು ಬಿದ್ದ ಟೊಪ್ಪಿಯೇ ಎಂದು ಬಾರ್ಟ್ರಮನಿಗೆ ನೋವಾಯಿತು, ಬರೆದೂ ಬಿಟ್ಟನು. ಕಾಲಿನ್ಸನ್ನನಿಗೂ ಸಿಟ್ಟು ಬಂದಿತು. ಅಂಚಿನಲ್ಲಿ ಒಂದೆರಡು ಸಣ್ಣ ತೂತು ನಿಜ, ಆದರೆ ಒಳಬಟ್ಟೆ ಹೊಸದು. ಬೇಡವಾಗಿದ್ದರೆ ಹಿಂದಕ್ಕೆ ಕಳುಹಿಸಬಹುದಾಗಿತ್ತು, ಮಳೆಗಾಲದಲ್ಲಿ ತನಗೇ ಇನ್ನೆರಡು ಮೂರು ವರ್ಷ ಬರುತ್ತಿತ್ತು ಎಂದು ಉತ್ತರಿಸಿದನು. ಇದು ಜಿಪುಣತನವೋ ಜವಳಿಯವನ ಮಿತವ್ಯಯವೋ ಹೇಳುವುದು ಕಷ್ಟ.

ನೋವಿನ ಬೇರು ಟೊಪ್ಪಿಯಲ್ಲಿರಲಿಲ್ಲ. ಕಾಲಿನ್ಸನ್ನನ ಮೂಲಕ ಇಂಗ್ಲೆಂಡಿನ ಶ್ರೀಮಂತರು ಬಾರ್ಟ್ರಮನ ಬೀಜಗಳಿಗೆ ಗಿರಾಕಿಗಳಾದರು. ಎಲ್ಲರಿಗೂ ಮೊದಲಿಗನಾದ ಪೀಟರ್ ಪ್ರಭುವು 1742ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಸಿಡುಬಿನಿಂದ ಮಡಿದನು. ಆಮೇಲೆ ಡ್ಯೂಕರೂ ಇತರ ಪ್ರಭುಗಳೂ ಸೇರಿದರು. ಸುಮಾರು ನೂರು ಜಾತಿಯ ಬೀಜಗಳಿರುವ ಒಂದು ಪೆಟ್ಟಿಗೆಗೆ ಐದು ಗಿನಿ ಬೆಲೆ. ಅದರಲ್ಲಿ ಕುದುರೆಯ ಖರ್ಚು, ಆಳಿನ ಕೂಲಿ, ಬಿಟ್ಟ ಬೇಸಾಯದ ನಷ್ಟ ಎಲ್ಲವೂ ಹೋಗಬೇಕು. ತನ್ನ ಶ್ರಮಕ್ಕೆ ತಕ್ಕ ಫಲವಿಲ್ಲವೆಂದು ಬಾರ್ಟ್ರಮನು ಪದೇ ಪದೇ ದೂರಿದನು. ಅತ್ತ ಕಾಲಿನ್ಸನ್ನನು ಒಂದು ಕಾಸನ್ನೂ ತೆಗೆದುಕೊಳ್ಳದೆ, ಅಂಗಡಿಯ ಕೆಲಸ ಮುಗಿಸಿದ ಮೇಲೆ ಪೆಟ್ಟಿಗೆಗಳನ್ನು ಸುಂಕದ ಕಟ್ಟೆಯಿಂದ ಬಿಡಿಸಿ, ಹಂಚಿ, ಪ್ರಭುಗಳಿಂದ ಹಣ ವಸೂಲು ಮಾಡಿ, ಲೆಕ್ಕ ಬರೆಯುತ್ತಿದ್ದನು. ತಾನು ಪಡುವ ಪಾಡನ್ನು ಗೆಳೆಯನು ಅರಿಯನೆಂಬುದು ಅವನ ದೂರು. ಯುದ್ಧದ ವರ್ಷಗಳಲ್ಲಿ ಶತ್ರುಗಳು ಹಡಗುಗಳನ್ನು ಹಿಡಿದಾಗ ಒಂದು ವರ್ಷದ ಶ್ರಮವೇ ಮುಳುಗುತ್ತಿತ್ತು. ಆಗ ಇಬ್ಬರ ದೂರೂ ನಿಂತು ಬರಿಯ ಕಾತರವುಳಿಯುತ್ತಿತ್ತು. ಇಬ್ಬರ ದೂರಿನಲ್ಲಿಯೂ ಸತ್ಯವಿದ್ದಿತು. ಆದರೂ ಯಾವನೂ ಕಾಗದ ನಿಲ್ಲಿಸಲಿಲ್ಲವೆಂಬುದನ್ನು ಗಮನಿಸಬೇಕು.

1743ರಲ್ಲಿ ಬಾರ್ಟ್ರಮನು ಉತ್ತರಕ್ಕೆ, ಒಂಟಾರಿಯೊ ಸರೋವರದ ದಡದ ಆಸ್ವೇಗೋ ಎಂಬಲ್ಲಿಯ ತನಕ ಹೋದನು. ಅಲ್ಲಿಂದ ತಂದ ಒಂದು ಕೆಂಪು ಹೂವಿನ ಬೀಜವನ್ನು ಕಾಲಿನ್ಸನ್ನನಿಗೆ ಕಳುಹಿಸಿದನು. ಮೊನಾರ್ಡ ಎಂಬ ಆ ಗಿಡದ ಎಲೆಯಿಂದ ಅಮೆರಿಕೆಯವರು ಚಹಾದಂತಹ ಕಷಾಯ ಮಾಡುತ್ತಿದ್ದರು. ಪೆಕ್‌ಹ್ಯಾಮಿನ ತೋಟದಲ್ಲಿ 1745ರಲ್ಲಿ ಅದು ಅರಳಿತು. ಹದಿನೈದು ವರ್ಷಗಳಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ಪೇಟೆಯಲ್ಲಿ ಮಾರಾಟಕ್ಕೆ ಬರುವಷ್ಟು ಹಬ್ಬಿತು.

ಕೊಟ್ಟುಕೊಂಡ ಬೀಜವೆಲ್ಲ ಒಳ್ಳೆಯದೇ ಆಗಲಿಲ್ಲವೆಂಬುದನ್ನೂ ಬಾರ್ಟ್ರಮನು ಕಂಡನು. ಯೂರೋಪಿನಿಂದ ಬಂದು ಪೆನ್ಸಿಲ್ವೇನಿಯಾದ ಹುಲ್ಲುಗಾವಲುಗಳನ್ನು ಹಾಳು ಮಾಡುತ್ತಿದ್ದ ಕಳೆಗಳ ವಿವರವನ್ನು ಆತನು ಬರೆದಿಟ್ಟನು. ಅವುಗಳಲ್ಲಿ ಅಂದದ ಹಳದಿ ಹೂವಿನ ಗಿಡವೂ ಒಂದು. ತೋಟದ ಅಲಂಕಾರಕ್ಕೆಂದು ತಂದ ಲಂಟಾನವು ನಮ್ಮ ಕಾಡುಗಳನ್ನು ನುಂಗಿದುದನ್ನು ಕಂಡವರಿಗೆ ಆ ಬರಹವು ಹಳೆಯದೆನಿಸದು.

ಪ್ರಭುಗಳ ಪೆಟ್ಟಿಗೆಗಳಿಗಿಂತ ನನಗೆ ಹೆಚ್ಚು ಹಿಡಿಸುವುದು ಒಂದು ರೇಷ್ಮೆಯ ಚೀಲದ ಸಂಗತಿ. 1760ರಲ್ಲಿ ಬಾರ್ಟ್ರಮನು ದಕ್ಷಿಣದ ಚಾರ್ಲ್ಸ್ ಟೌನಿಗೆ ಹೋಗಿದ್ದಾಗ ಮಾರ್ಥಾ ಲೋಗನ್ ಎಂಬ ಹಿರಿಯ ಮಹಿಳೆಯನ್ನು ಐದು ನಿಮಿಷಗಳ ಮಟ್ಟಿಗೆ ಭೇಟಿಯಾದನು. ಆಕೆಯು ಮನೆಯ ತೋಟದಲ್ಲಿ ನುರಿತವಳು. ಯಾವ ತಿಂಗಳು ಯಾವ ಬೀಜ ಬಿತ್ತಬೇಕೆಂಬ ಪಂಚಾಂಗವನ್ನು ಬರೆದವಳು. ಐದು ನಿಮಿಷದ ಮಾತು ಸಾಕಾಯಿತು. ಒಂದೇ ರೇಷ್ಮೆಯ ಚೀಲವು ಕೆಲವೇ ತಿಂಗಳುಗಳಲ್ಲಿ ಮೂರು ಸಲ ಬೀಜ ತುಂಬಿಕೊಂಡು ಇಬ್ಬರ ಮನೆಗಳ ನಡುವೆ ಓಡಾಡಿತು. ಇದನ್ನು ಬಾರ್ಟ್ರಮನು ಹೆಮ್ಮೆಯಿಂದ ಕಾಲಿನ್ಸನ್ನನಿಗೆ ತಿಳಿಸಿದಾಗ, ಕಾಲಿನ್ಸನ್ನನು ಗೆಳೆಯನನ್ನು ಹಾಸ್ಯ ಮಾಡಿದನು.

ಧರ್ಮದ ವಿಚಾರದಲ್ಲಿ ಬಾರ್ಟ್ರಮನು ಹಟವಾದಿ. ಏಸುವು ದೇವರೆಂಬುದನ್ನು ಒಪ್ಪಲಿಲ್ಲವಾಗಿ 1758ರಲ್ಲಿ ಡಾರ್ಬಿಯ ಕ್ವೇಕರ್ ಸಭೆಯು ಅವನನ್ನು ಹೊರಗೆ ಹಾಕಿತು. ಆತನು ವಾದಕ್ಕೆ ನಿಲ್ಲದೆ, ಏಕದೇವನನ್ನು ಮಾತ್ರ ತಾನು ಪೂಜಿಸುವೆನೆಂಬ ಅರ್ಥದ ಬರಹವನ್ನು 1770ರಲ್ಲಿ ತನ್ನ ಮನೆಯ ಗೋಡೆಯ ಕಲ್ಲಿನಲ್ಲಿ ಕೊರೆದನು.

1765ರಲ್ಲಿ, ಕಾಲಿನ್ಸನ್ನನ ಪ್ರಯತ್ನದಿಂದ, ಮೂರನೆಯ ಜಾರ್ಜ್ ದೊರೆಯು ವರ್ಷಕ್ಕೆ 50 ಪೌಂಡುಗಳ ವೇತನವನ್ನು ಬಾರ್ಟ್ರಮನಿಗೆ ಗೊತ್ತು ಮಾಡಿದನು. ವೇತನ ಚಿಕ್ಕದು, ಮಾಡಬೇಕಾದ ಪ್ರಯಾಣ ದೊಡ್ಡದು. ಅರವತ್ತಾರು ವರ್ಷದ ವೃದ್ಧನು ಮಗ ವಿಲಿಯಮನೊಡನೆ ಜಾರ್ಜಿಯಾ, ಫ್ಲಾರಿಡಾ ಸೀಮೆಗಳಿಗೆ ಹೊರಟನು. ದಾರಿಯಲ್ಲಿ ಜ್ವರ ಹಿಡಿದರೂ ಹಿಂದಿರುಗಲಿಲ್ಲ. ಆ ವರ್ಷದ ಅಕ್ಟೋಬರ್ ಮೊದಲ ದಿನ, ಅಲ್ಟಮಾಹ ನದಿಯ ದಡದಲ್ಲಿ, ತಂದೆ ಮಕ್ಕಳು ಹಿಂದೆಂದೂ ಕಾಣದ ಪೊದೆಮರಗಳ ಒಂದು ಗುಂಪನ್ನು ಕಂಡರು. ಬಲಿತ ಬೀಜ ದೊರೆಯಲಿಲ್ಲ. ಬರಿಗೈಯಲ್ಲಿ ಮುಂದಕ್ಕೆ ಹೋದರು.

ಇತ್ತ ಕಾಲಿನ್ಸನ್ನನು 1749ರಿಂದ ಮಿಲ್ ಹಿಲ್ ಎಂಬಲ್ಲಿಗೆ ತೋಟವನ್ನು ಸಾಗಿಸಿದ್ದನು. ಅಮೆರಿಕೆಯ ಗಿಡಗಳ ಖ್ಯಾತಿಯಿಂದ ಅಲ್ಲಿಗೆ ಕಳ್ಳರೂ ಬರುತ್ತಿದ್ದರು. ಅಪೂರ್ವ ಗಿಡಗಳನ್ನು ಬೇರುಸಹಿತ ಕಿತ್ತೊಯ್ದುದು ವೃದ್ಧನ ಮನಸ್ಸಿಗೆ ಬಹಳ ನೋವುಂಟು ಮಾಡಿತು. 1768ರ ಆಗಸ್ಟಿನಲ್ಲಿ, 74ನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು. ಅಂದಿನಿಂದ ಕಿಂಗ್ಸೆಸಿಂಗಿಗೆ ಆ ಕೈಬರಹದ ಕಾಗದವು ಬರಲಿಲ್ಲ.

ಬಾರ್ಟ್ರಮನು ಇನ್ನೂ ಒಂಬತ್ತು ವರ್ಷ ಬದುಕಿದ್ದನು. ಅಷ್ಟರಲ್ಲಿ ಅಮೆರಿಕೆಯು ಇಂಗ್ಲೆಂಡಿನ ವಿರುದ್ಧ ಎದ್ದಿತು. ಬೀಜದ ಪೆಟ್ಟಿಗೆಗಳ ದಾರಿ ಮುಚ್ಚಿತು. 1777ರ ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಸೈನ್ಯವು ಫಿಲಡೆಲ್ಫಿಯಾದ ಮೇಲೆ ಬರುತ್ತಿದ್ದಾಗ, ತನ್ನ ತೋಟದ ಗತಿಯೇನಾದೀತೆಂಬ ಚಿಂತೆಯೇ ಅವನ ಕೊನೆಯನ್ನು ಹತ್ತಿರ ತಂದಿತೆಂದು ಮನೆಯವರು ಹೇಳುತ್ತಿದ್ದರು. ಆ ತಿಂಗಳ 22ರಂದು ಆತನು ಕಣ್ಣು ಮುಚ್ಚಿದನು. ತೋಟಕ್ಕೆ ಏನೂ ಆಗಲಿಲ್ಲ.

ಅಲ್ಟಮಾಹದ ದಡದ ಆ ಮರವನ್ನು ಮಗ ವಿಲಿಯಮನು ಮರೆತಿರಲಿಲ್ಲ. 1773ರಲ್ಲಿ ಮತ್ತೆ ದಕ್ಷಿಣಕ್ಕೆ ಹೊರಟ ಆತನು, ನಾಲ್ಕು ವರ್ಷಗಳ ಅಲೆದಾಟದಲ್ಲಿ ಅದೇ ಸ್ಥಳಕ್ಕೆ ಹೋಗಿ ಬೀಜಗಳನ್ನು ತಂದು ತಂದೆಯ ತೋಟದಲ್ಲಿ ಬಿತ್ತಿದನು. ಚಹಾ ಗಿಡದ ಕುಟುಂಬಕ್ಕೇ ಸೇರಿದ ಮರವದು. ಬಿಳಿಯ ಎಸಳು, ನಡುವೆ ಹಳದಿಯ ಕೇಸರಗಳು. ಅದು ಅರಳಿದಾಗ ನೋಡಲು ಬಾರ್ಟ್ರಮನು ಇರಲಿಲ್ಲ. ತಂದೆಯ ಸ್ನೇಹಿತನಾದ ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರಿನಿಂದ ಅದನ್ನು ಫ್ರಾಂಕ್ಲಿನಿಯ ಎಂದು ಕರೆದರು. 1785ರಲ್ಲಿ ಆ ಹೆಸರು ಅಚ್ಚಾಯಿತು. 1803ರ ಅನಂತರ ಕಾಡಿನಲ್ಲಿ ಆ ಮರವನ್ನು ಯಾರೂ ಕಂಡಿಲ್ಲ. ಈಗ ಲೋಕದಲ್ಲಿ ಎಲ್ಲೆಲ್ಲಿ ಅದು ಇದೆಯೋ ಅವೆಲ್ಲವೂ ಬಾರ್ಟ್ರಮರ ತೋಟದ ಬೀಜದಿಂದ ಕೈಯಿಂದ ಕೈಗೆ ಹೋಗಿ ಬೆಳೆದುವು. 1891ರಿಂದ ಫಿಲಡೆಲ್ಫಿಯಾ ನಗರದ ಸ್ವತ್ತಾಗಿರುವ ಆ ತೋಟದಲ್ಲಿ, ಬೇಸಗೆಯ ಕೊನೆಯಲ್ಲಿ ಹೊಳೆಯ ಕಡೆಗೆ ಇಳಿಯುವ ನೆಲದ ಮೇಲೆ ಅದರ ಬಿಳಿಯ ಹೂವುಗಳು ಉದುರುತ್ತವೆ.