ಕುಮಾರಿ ಫ್ಲಾರೆನ್ಸ್ ನೈಟಿಂಗೇಲರೂ ದಾದಿಯರ ಶಿಕ್ಷಣನಿಧಿಯೂ

ಕೈದೀಪ ಹಿಡಿದು ರಾತ್ರಿಯಲ್ಲಿ ಗಾಯಾಳುಗಳ ನಡುವೆ ಸಂಚರಿಸಿದ ಈ ಮಹಿಳೆಯ ಕಥೆಯು ನಮ್ಮ ಶಾಲೆಯಲ್ಲಿ ಓದಿದವರಿಗೆಲ್ಲಾ ತಿಳಿದದ್ದೇ. ಆದರೆ ದಾದಿಯಾಗುವ ಮನಸ್ಸಿದ್ದೂ ಫೀಜಿಗೆ ಗತಿಯಿಲ್ಲದೆ ಹಿಂಜರಿದ ಹೆಣ್ಣುಮಕ್ಕಳನ್ನು ನಾವು ಕಂಡಿರುವುದರಿಂದ, ದೀಪದ ವಿಷಯವನ್ನು ಬಿಟ್ಟು ಹಣದ ವಿಷಯವನ್ನೇ ಇಲ್ಲಿ ವಿಸ್ತರಿಸುತ್ತೇವೆ.

ಇವರು 1820ನೆಯ ಇಸವಿ ಮೇ 12ನೆಯ ತಾರೀಖು ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ ಐಶ್ವರ್ಯವಂತರಾದ ಇಂಗ್ಲಿಷ್ ದಂಪತಿಗಳಿಗೆ ಹುಟ್ಟಿದರು. 1845ರಲ್ಲಿ ಆಸ್ಪತ್ರೆಯೊಂದರಲ್ಲಿ ಶುಶ್ರೂಷೆಯನ್ನು ಕಲಿಯಲು ಅಪ್ಪಣೆ ಬೇಡಿದಾಗ ಮನೆಯವರು ಒಪ್ಪಲಿಲ್ಲ. ಆ ಕಾಲದಲ್ಲಿ ದಾದಿಯರಿಗೆ ಕುಡುಕಿಯರೆಂಬ ಅಪಖ್ಯಾತಿಯಿದ್ದುದರಿಂದ ತಾಯಿತಂದೆಗಳ ಭಯವು ಬರಿಯ ಹಟವಾಗಿರಲಿಲ್ಲವೆಂದು ಹೇಳಲೇಬೇಕು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಥಿನಲ್ಲಿ ಪಾದ್ರಿ ಫ್ಲೀಡ್ನರರ ಸಂಸ್ಥೆಯಲ್ಲಿ ಮೂರು ತಿಂಗಳು ಕಲಿತರು. 1853ರಲ್ಲಿ ತಂದೆಯವರು ಮನಸ್ಸು ಕರಗಿ ವರ್ಷಕ್ಕೆ 500 ಪೌಂಡುಗಳನ್ನು ಗೊತ್ತುಮಾಡಿದರು. ಇಂಥ ತಂದೆ ಎಷ್ಟು ಹುಡುಗಿಯರಿಗುಂಟು?

1854ರಲ್ಲಿ 38 ಮಂದಿ ದಾದಿಯರೊಡನೆ ಸ್ಕುಟಾರಿಯ ದಂಡಿನ ಆಸ್ಪತ್ರೆಗೆ ಹೋದರು. ಅಲ್ಲಿ ಮಾಡಿದ ಸೇವೆಗೆ ಮೆಚ್ಚಿ 1855ನೆಯ ನವೆಂಬರಿನಲ್ಲಿ ಲಂಡನಿನ ಜನರು ಸಭೆ ಸೇರಿ ನಿಧಿಯೊಂದನ್ನು ಆರಂಭಿಸಿದರು. ಸಾಮಾನ್ಯ ಸಿಪಾಯಿಗಳೂ ಒಂದು ದಿನದ ಸಂಬಳವನ್ನು ಕೊಟ್ಟರು. ಒಟ್ಟು 44,000 ಪೌಂಡುಗಳಿಗೂ ಮಿಗಿಲಾಗಿ ಕೂಡಿತು.

ಆ ಹಣದಿಂದ 1860ರಲ್ಲಿ ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 15 ಮಂದಿ ಹೆಂಗಸರೊಡನೆ ದಾದಿಯರ ಪಾಠಶಾಲೆಯು ತೆರೆಯಿತು. ಕಲಿಯುವವಳು ಏನನ್ನೂ ತೆರಬೇಕಾಗಿರಲಿಲ್ಲ. ಊಟ, ಚಹಾ, ಸಕ್ಕರೆ, ಮೇಲುಡುಪು, ಅಗಸರ ಖರ್ಚು ಎಲ್ಲವೂ ನಿಧಿಯದೇ. ಒಬ್ಬೊಬ್ಬಳಿಗೂ ಬೇರೆಬೇರೆ ಮಲಗುವ ಕೋಣೆ. ಇದಲ್ಲದೆ ಕೈಖರ್ಚಿಗೆ ವರ್ಷಕ್ಕೆ 10 ಪೌಂಡು. ಇಷ್ಟನ್ನು ಕೊಟ್ಟು ಸುಮ್ಮನಿರಲಿಲ್ಲ. ಪ್ರತಿಯೊಬ್ಬಳ ನಡತೆಯನ್ನೂ ಕೆಲಸವನ್ನೂ ಮೇಟ್ರನ್ ವಾರ್ಡ್‌ರೋಪರಮ್ಮನವರು ತಿಂಗಳು ತಿಂಗಳೂ ದಾಖಲೆ ಮಾಡುತ್ತಿದ್ದರು. ವರ್ಷ ಮುಗಿದ ಮೇಲೆ ನಿಧಿಯವರು ಕಳುಹಿಸಿದ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿಯಬೇಕಾಗಿತ್ತು. ಉಳ್ಳವರು ತಮ್ಮ ಖರ್ಚನ್ನು ತಾವೇ ಕೊಟ್ಟು ಕಲಿಯುವ ಏರ್ಪಾಡು ಆಮೇಲೆ ಬಂತು. ಧರ್ಮಕ್ಕೆ ಕೊಟ್ಟದ್ದೆಂದು ಲೆಕ್ಕ ಕೇಳದಿರುವುದು ನಮ್ಮಲ್ಲಿ ಸಾಮಾನ್ಯವಾದ ಕಾರಣ ಇದನ್ನು ವಿವರವಾಗಿ ಬರೆದೆವು.

1865ರಲ್ಲಿ ಲಿವರ್‌ಪೂಲಿನ ವಿಲಿಯಂ ರಾಥ್‌ಬೋನ್ ಎಂಬ ವರ್ತಕರು ತಮ್ಮ ಖರ್ಚಿನಿಂದ 12 ಮಂದಿ ದಾದಿಯರನ್ನು ಬಡವರ ಆಸ್ಪತ್ರೆಗೆ ಕರೆಸಿಕೊಂಡರು. ಅವರ ಮುಖ್ಯಸ್ಥೆಯಾದ ಆಗ್ನೆಸ್ ಜೋನ್ಸ್ 1868ರಲ್ಲಿ ಟೈಫಸ್ ಜ್ವರದಿಂದ ಅಲ್ಲಿಯೇ ತೀರಿಕೊಂಡರು.

ನೈಟಿಂಗೇಲರು ಇಂಡಿಯಾ ದೇಶವನ್ನು ಎಂದೂ ಕಾಣಲಿಲ್ಲ. ಆದಾಗ್ಯೂ ಇಲ್ಲಿನ ದಂಡುಗಳಿಂದ ಬಂದ ವರದಿಗಳನ್ನೆಲ್ಲಾ ಓದಿ, 1863ರಲ್ಲಿ ಪ್ರಕಟವಾದ ತಮ್ಮ ಟೀಕೆಗಳಲ್ಲಿ, ಬಜಾರಿನ ಕೊಳಚೆ ಸೇರುತ್ತಿದ್ದ ನಮ್ಮ ಹಲಸೂರು ಕೆರೆಯ ನೀರನ್ನು ಕುಡಿಯುವುದಕ್ಕೆ ಬಳಸುತ್ತಿದ್ದುದನ್ನೂ ಎತ್ತಿ ತೋರಿಸಿದರು. ರಿಚರ್ಡ್ಸ್ ಟೌನು ಆಗ ಇನ್ನೂ ಹುಟ್ಟಿರಲಿಲ್ಲ. 1885ರಲ್ಲಿ ಲೇಡಿ ಡಫರಿನ್‌ರವರು ಈ ದೇಶದ ಸ್ತ್ರೀಯರ ವೈದ್ಯಸಹಾಯಕ್ಕಾಗಿ ನಿಧಿಯನ್ನು ಸ್ಥಾಪಿಸಿದ ಕಾಲದಲ್ಲಿ ಅವರೊಡನೆ ಪತ್ರವ್ಯವಹಾರ ನಡೆಸಿದರು. ದಾದಿಯರಿಗೂ ಸೂಲಗಿತ್ತಿಯರಿಗೂ ಶಿಕ್ಷಣ ಕೊಡಿಸುವುದು ಆ ನಿಧಿಯ ಉದ್ದೇಶಗಳಲ್ಲಿ ಒಂದಾಗಿತ್ತು.

1910ನೆಯ ಇಸವಿ ಆಗಸ್ಟ್ 13ರಂದು, ತೊಂಬತ್ತು ವರ್ಷ ತುಂಬಿದ ಮೇಲೆ, ಲಂಡನಿನಲ್ಲಿ ನಿಧನ ಹೊಂದಿದರು. ಈಸ್ಟ್ ವೆಲ್ಲೋ ಗ್ರಾಮದ ದೇವಾಲಯದ ಅಂಗಳದಲ್ಲಿರುವ ಸಮಾಧಿಯ ಮೇಲೆ ಹೆಸರಿನ ಎರಡು ಮೊದಲಕ್ಷರಗಳೂ ಜನನಮರಣಗಳ ತಾರೀಖುಗಳೂ ಮಾತ್ರ ಇವೆ.